ಒಳಮಡಿಕೆ

ಶಿವಮೊಗ್ಗದ ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ
ಪಿಸ್ಸೆ ಮಾಮನ ಅಂಗಡಿ: ಎರಡು ಮಿಷನ್ನು, ಒಂದು ಫ್ಯಾನು,
ಅಳತೆ ಬರೆದಿಟ್ಟ ಹದಿನೇಳು ನೋಟುಬುಕ್ಕು.
"ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡಮ್ಮ" ಅಂದರು,
ನನ್ನ ತಮ್ಮನ ಮದುವೆ ಕೋಟಿಗೆ ಮಜೂರಿ ಬೇಡವಂತೆ.
ಒಪ್ಪಿದೆ.

ಎದೆ ಮೂವತ್ತೆಂಟು, ಸೊಂಟ ಮೂವತ್ತಾರು, ತೋಳು ಇಪ್ಪತ್ತಮೂರೂವರೆ,
ಮಾರ್ಚಿಯ ಹದಿನೈದು ಸಂಜೆ ಕೂತು ಬಡಿದೆ.
ಐದನೇ ಪುಸ್ತಕದಲ್ಲಿ ಭದ್ರಾವತಿ ಕಾಗದ ಕಾರ್ಖಾನೆಯ
ನಲವತ್ತೆರಡು ಜನರ ಖಾಕಿ.
ಕಾರ್ಖಾನೆ ನಿಂತಿದೆ, ಜೇಬಿನ ಆಳ ಇನ್ನೂ ಆರಿಂಚು.
ಏಳನೇದರಲ್ಲಿ ಮೀಸೆ ಬರದ ಹುಡುಗನೊಬ್ಬ
ಪುಟದಿಂದ ಪುಟಕ್ಕೆ ಉದ್ದವಾಗುತ್ತಾ ಹೋಗಿ
ಮದುವೆಯ ಸೂಟಿಗೆ ಬಂದು ನಿಲ್ಲುತ್ತಾನೆ.
ಆಮೇಲೆ ಅವನ ಸುದ್ದಿಯಿಲ್ಲ.
"ರೆಡಿಮೇಡು" ಅಂದರು ಮಾಮ, ಯಾರೋ ತೀರಿಕೊಂಡ ದನಿಯಲ್ಲಿ.

ನನ್ನ ಕಸುಬು ನೆನಪಿಡುವುದು.
ಅಳಿಸಿದ್ದನ್ನೂ ಅಳಿಸಿದೆವೆಂದು ಬರೆದಿಡುವ ಕಸುಬು,
ನಕಲಿನ ನಕಲನ್ನು ಇನ್ನೊಂದೂರಿನಲ್ಲಿ ಬಚ್ಚಿಡುವ ಕಸುಬು.
ಹುಡುಕಿದರೆ ಅರವತ್ತು ಮಂಜುನಾಥರು ಒಟ್ಟಿಗೆ ಎದ್ದು ನಿಲ್ಲುತ್ತಾರೆ,
ಕೆಲವರು ಸತ್ತವರು, ಕೆಲವರು ಹೊಟ್ಟೆ ಬಂದವರು,
ಎಲ್ಲರೂ ಒಂದೇ ಸಾಲಿನಲ್ಲಿ, ಒಂದೇ ಕಪ್ಪಿನಲ್ಲಿ.

ಮಾಮ ಹಾಗಲ್ಲ.
ಗಿರಾಕಿ ಮೆಟ್ಟಿಲು ಹತ್ತುವಾಗ
ಹೆಸರು ನಾಲಿಗೆಗೆ ಸಿಗದೆ ತಡವರಿಸುತ್ತಾರೆ:
"ಬನ್ನಿ ಬನ್ನಿ, ಇವರೇ..."
ಆದರೆ ಎಡಭುಜ ಬಲಕ್ಕಿಂತ ಅರ್ಧ ಬೆರಳು ಇಳಿದದ್ದು
ಕೈಗೆ ಗೊತ್ತು. ಟೇಪು ಬಿಚ್ಚುವ ಮೊದಲೇ ಗೊತ್ತು.
ಅಂಕಿ ಹೋಗಿದೆ, ಓರೆ ಉಳಿದಿದೆ.

ಅಂದು ರಾತ್ರಿ ಬರೆದದ್ದೆಲ್ಲ ಒಡೆದೆ.
ಹೊಸದೊಂದು ಕಟ್ಟಿದೆ, ಮರೆಯಬಲ್ಲದ್ದು:
ಯಾರೂ ಮುಟ್ಟದ ಸಾಲು ತಿಂಗಳಿಗಿಷ್ಟು ಮಸುಕಾಗಲಿ,
ಮೊದಲು ಕಾಲಿಂಚು ಅರ್ಧಿಂಚು ಉದುರಲಿ,
ಆಮೇಲೆ ಅಂಕಿ,
ಕೊನೆಗೆ "ಎತ್ತರದ ಆಸಾಮಿ, ಸಡಿಲ ಇಷ್ಟ" ಎಂಬಷ್ಟೇ ಉಳಿಯಲಿ,
ಅವನು ಮತ್ತೆ ಬಂದರೆ ಮತ್ತೆ ಕಪ್ಪಾಗಲಿ.
ಮೂರು ವರ್ಷ ಕಳೆದದ್ದು
ಹೋಗಲಿ, ಪೂರ್ತಿ.

ಮಾಮ ಕನ್ನಡಕ ಹಣೆಗೇರಿಸಿ ನೋಡಿದರು.
"ಕತ್ತರಿ ಚೆನ್ನಾಗಿ ಹಿಡಿದಿದ್ದೀ" ಅಂದರು.
ಹೊಗಳಿಕೆ ಅಂದುಕೊಂಡೆ.
ಆಗ ಮೇಜಿನ ಮೇಲಿದ್ದ ಯಾರದೋ ಪ್ಯಾಂಟಿನ ಕಾಲು ಮಗುಚಿ
ಒಳಮಡಿಕೆ ಬಿಚ್ಚಿ ತೋರಿಸಿದರು: ಎರಡಿಂಚು ಬಟ್ಟೆ,
ಬಿಸಿಲು ಕಾಣದ್ದು, ಥಾನಿನಿಂದ ಕೊಯ್ದ ದಿನದ ಬಣ್ಣವೇ.
"ನೋಡೋರಿಗೆ ಇದು ಇಲ್ಲ. ಹುಡುಗ ಬೆಳೆದರೆ ಇದೆ.
ಮರೆಯೋದು ಅಂದ್ರೆ ಹೀಗೆ ಮಡಿಸೋದಮ್ಮ.
ಕತ್ತರಿಸಿಬಿಟ್ಟರೆ ಅವನ ಕಾಲು ಏನು ಮಾಡೀತು?"

ಮತ್ತೆ, ನೀಲಿ ಸೀಮೆಸುಣ್ಣದಿಂದ ಮೇಜಿಗೊಂದು ಗೆರೆ ಎಳೆದು
ಅಂಗೈಯಲ್ಲಿ ಒರೆಸಿದರು.
"ಇದು ಬೇರೆ. ಇದು ಉಳಿದರೆ ನನ್ನ ಮರ್ಯಾದೆ ಹೋಗುತ್ತೆ."

ಮೂರನೇ ಸಲ ಕಟ್ಟಿದೆ. ಮಡಿಸುವುದೊಂದು, ಒರೆಸುವುದೊಂದು.
ಯಾವುದು ಸುಣ್ಣ ಯಾವುದು ಬಟ್ಟೆ ಎಂದು ಯಂತ್ರಕ್ಕೆ ಕಲಿಸಲು
ನನಗಿನ್ನೂ ಬಂದಿಲ್ಲ; ಪ್ರತಿಸಲ ಕೇಳುತ್ತದೆ ಅದು,
ಮಾಮ ಬೈದುಕೊಳ್ಳುತ್ತ ಒತ್ತುತ್ತಾರೆ.

ಕೊನೆಯ ದಿನ ಹನ್ನೊಂದನೇ ಪುಸ್ತಕ ತೆಗೆದು
ಒಂದು ಹೆಸರಿನ ಮೇಲೆ ಬೆರಳಿಟ್ಟರು:
ಗುರುಬಸಪ್ಪ, ಹೊಳೆಹೊನ್ನೂರು, ಎರಡು ಶರ್ಟು, ಒಂದು ಕೋಟು,
ಬಾಕಿ ಎಂಟುನೂರ ನಲವತ್ತು.
"ಇದನ್ನ ಒರೆಸು."
"ಅಳತೆಯನ್ನೇ?"
"ಅಳತೆ ಇರಲಿ. ಬಾಕಿ."
ಸೂಜಿಗೆ ದಾರ ಪೋಣಿಸುತ್ತ, ನನ್ನತ್ತ ನೋಡದೆ:
"ಹನ್ನೆರಡು ವರ್ಷವಾಯ್ತು. ಸಂತೆಗೆ ಬಂದಾಗೆಲ್ಲ
ರಸ್ತೆಯ ಆಚೆ ಬದಿಯಲ್ಲೇ ಹೋಗ್ತಾನೆ, ತಲೆ ತಗ್ಗಿಸಿ.
ನನಗಂತೂ ಮರೆಯೋಕಾಗ್ತಿಲ್ಲ.
ಅದಾದರೂ ಮರೀಲಿ. ಆಮೇಲೆ ಕೂಗಿ ಕರೀತೀನಿ,
ಕಂಪ್ಯೂಟರಲ್ಲಿ ನಿಂದೇನೂ ಇಲ್ವಲ್ಲೋ, ಅಂತ."

ಒರೆಸಿದೆ.
ನಕಲಿನಲ್ಲೂ. ನಕಲಿನ ನಕಲಿನಲ್ಲೂ.
ನೋಟುಬುಕ್ಕಿನಲ್ಲಿ ಮಾತ್ರ ಇತ್ತು, ನೇರಳೆ ಶಾಯಿಯಲ್ಲಿ;
ಮಾಮ ಆ ಹಾಳೆ ಹರಿದು, ನಾಲ್ಕಾಗಿ ಮಡಿಸಿ
ಎಣ್ಣೆ ಡಬ್ಬಿಯ ಕೆಳಗಿಟ್ಟರು.